ವೈದ್ಯವಿದ್ಯೆಯ ಋಣ

ಪ್ರತಿವರ್ಷ ವೈದ್ಯಕೀಯ ಪ್ರವೇಶದ ಕಾಲ ಬಂದಿತೆಂದರೆ ಶ್ರೀಮಠಕ್ಕೆ ಪೇಢೆಯ ಪೊಟ್ಟಣಗಳು ಬರತೊಡಗುತ್ತವೆ. ತಂದೆ, ತಾಯಿ, ಸೀಟು ದೊರೆತ ಮಗನೋ ಮಗಳೋ ಬಂದು ನಮಸ್ಕರಿಸುತ್ತಾರೆ. ನಾವು ವಿಭೂತಿ ಹಚ್ಚಿ, ಹಣ್ಣು ಕೊಟ್ಟು, "ಚೆನ್ನಾಗಿ ಓದು, ಬಡವರ ಸೇವೆ ಮಾಡು" ಎಂದು ಹರಸುತ್ತೇವೆ. ಈ ಮಾತನ್ನು ಎಷ್ಟು ಸಲ ಆಡಿದ್ದೇವೆಯೋ ಲೆಕ್ಕವಿಲ್ಲ. ಬಹಳ ಸಲ ಆಡಿದ ಮಾತಿಗೆ ಸವೆದ ನಾಣ್ಯದ ಗತಿಯೇ ಪ್ರಾಪ್ತವಾಗುತ್ತದೆ. ಕೊಟ್ಟವನೂ ಅದನ್ನು ನೋಡುವುದಿಲ್ಲ, ಕೊಂಡವನೂ ನೋಡುವುದಿಲ್ಲ.

ಕಳೆದ ವರ್ಷ ಬಂದ ಒಬ್ಬ ತರುಣ ಮಾತ್ರ ಆ ನಾಣ್ಯವನ್ನು ಹೊರಳಿಸಿ ನೋಡಿದ. ನಮ್ಮ ಪ್ರಸಾದ ನಿಲಯದಲ್ಲಿಯೇ ಉಂಡು ಓದಿದವರ ಮಗ ಆತ. "ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ನಮ್ಮಪ್ಪ ಹೊಲ ಒತ್ತಿ ಇಟ್ಟಾರ, ಬ್ಯಾಂಕಿನ್ಯಾಗ ಸಾಲ ಮಾಡ್ಯಾರ. ನನ್ನ ಮ್ಯಾಲ ಅಪ್ಪನ ಋಣ ಐತಿ, ಬ್ಯಾಂಕಿನ ಋಣ ಐತಿ. ಬಡವರಿಗೆ ನಾ ಏನ್ ಕೊಡೂದೈತಿ? ಸೇವಾ ಅಂದ್ರ ಮನಸಿದ್ರ ಮಾಡೂದು, ಇಲ್ಲಾಂದ್ರ ಇಲ್ಲ. ಹೌದಲ್ರಿ?" ಎಂದ. ತಂದೆ ಲಜ್ಜಿತರಾಗಿ ಮಗನ ತೋಳು ಜಗ್ಗಿದರು. ನಾವು ಏನೋ ಒಂದೆರಡು ಮಾತು ಹೇಳಿ ಕಳಿಸಿದೆವು. ಹೇಳಿದ ಆ ಮಾತು ಆತನಿಗೆ ಸಮಾಧಾನ ತಂದಿತೋ ಇಲ್ಲವೋ ತಿಳಿಯದು, ನಮಗಂತೂ ತರಲಿಲ್ಲ. ಆತನ ಪ್ರಶ್ನೆ ಉದ್ಧಟತನದ್ದಲ್ಲ. ವೈದ್ಯನು ರೋಗಿಗೆ ಮಾಡುವುದು ಉಪಕಾರವೋ, ಇಲ್ಲವೆ ಸಾಲದ ಮರುಪಾವತಿಯೋ? ಉಪಕಾರವಾದರೆ ಅದು ಅವನ ಇಚ್ಛೆ, ಸಾಲವಾದರೆ ಇಚ್ಛೆಯ ಮಾತೇ ಇಲ್ಲ. ಅಂದಿನಿಂದ ಈ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ.

ಋಣದ ವಿಚಾರ ನಮ್ಮ ಪ್ರಾಚೀನರಿಗೆ ಹೊಸದಲ್ಲ. ದೇವಋಣ, ಋಷಿಋಣ, ಪಿತೃಋಣ ಎಂಬ ಋಣತ್ರಯವನ್ನು ಪಾಠಶಾಲೆಯ ವಟುವೂ ಬಲ್ಲ. ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನೂ ಸೇರಿಸಿ, ಬಂದವರಿಗೆ ಆಶ್ರಯ, ಅನ್ನಗಳನ್ನು ಕೊಟ್ಟು ಅದನ್ನು ತೀರಿಸಬೇಕೆನ್ನುತ್ತದೆ. ವಿದ್ಯಾರ್ಥಿಯ ಋಣವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಋಷಿಋಣವನ್ನು, ಎಂದರೆ ಗುರುವಿನ ಋಣವನ್ನು ಹೇಳಿ ಸುಮ್ಮನಾಗುತ್ತೇವೆ. ಆದರೆ ವೈದ್ಯವಿದ್ಯೆಯಲ್ಲಿ ಗುರುವು ಪಾಠ ಹೇಳುವುದು ಮೂರನೆಯವನೊಬ್ಬನ ಮೈಮೇಲೆ. ಆ ಮೂರನೆಯವನು ಯಾವ ಋಣದ ಲೆಕ್ಕಕ್ಕೂ ಬರುವುದಿಲ್ಲ. ಈ ಸಂಗತಿ ನಮಗೆ ತಿಳಿದದ್ದು ಶಾಸ್ತ್ರದಿಂದಲ್ಲ, ಹಿಂದೊಮ್ಮೆ ಮೂರು ವರ್ಷ ಕಣ್ಣಾರೆ ಕಂಡದ್ದರಿಂದ. ಆದುದರಿಂದ ಆ ಮೂರು ವರ್ಷಗಳ ನೆನಪನ್ನೇ ವಾಚಕರ ಮುಂದಿಡುವುದು ಲೇಸು.

1997ರಲ್ಲಿ ನಾವು ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿಕೊಂಡು ಬಂದು, ಶಾಂಕರಭಾಷ್ಯ ಮತ್ತು ಕಾಂಟನ ನೀತಿಮೀಮಾಂಸೆಗಳನ್ನು ತೌಲನಿಕವಾಗಿ ಅಭ್ಯಸಿಸುವ ಹಂಬಲದಲ್ಲಿದ್ದೆವು. ಲಿಂಗೈಕ್ಯ ಗುರುಗಳು ಒಂದು ದಿನ ಕರೆದು, "ದೇವರ, ಪುಸ್ತಕದಾಗಿನ ದುಃಖ ಸಾಕಷ್ಟು ಓದೀರಿ. ಒಂದಿಷ್ಟು ದಿವಸ ದವಾಖಾನ್ಯಾಗ ಇದ್ದು ಬರ್ರಿ" ಎಂದು ಅಪ್ಪಣೆ ಮಾಡಿದರು. ಪರಿಚಿತರೊಬ್ಬರು ನಡೆಸುತ್ತಿದ್ದ ಗ್ರಾಮಾಂತರ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪರಸ್ಥಳದ ವಿದ್ಯಾರ್ಥಿಗಳಿಗೆ ವ್ಯವಹಾರದ ಕನ್ನಡ ಕಲಿಸಲು ಒಬ್ಬರು ಬೇಕಾಗಿದ್ದರು. ಹೀಗೆ ನಾವು ಕಾವಿಯುಟ್ಟು, ಬಗಲಲ್ಲಿ ಹಾಜರಿ ಪುಸ್ತಕ ಹಿಡಿದು, ಬಿಳಿ ಕೋಟುಗಳ ನಡುವೆ ಮೂರು ವರ್ಷ ತಿರುಗಾಡಿದೆವು.

ಎರೆಹೊಲಗಳ ನಡುವೆ ಎದ್ದುನಿಂತ ಕಟ್ಟಡಗಳು. ಒಂದು ಕಡೆ ಜೋಳ, ಇನ್ನೊಂದು ಕಡೆ ಹತ್ತಿ. ದಿನಕ್ಕೆ ನಾಲ್ಕು ಬಸ್ಸು. ಆಸ್ಪತ್ರೆಯ ಹಿಂದೆ ಬೇವಿನ ಮರಗಳ ಕೆಳಗೆ ರೋಗಿಗಳ ಮಂದಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಊರಿಂದ ಬರುವಾಗಲೇ ಎಂಟು ದಿನಕ್ಕಾಗುವಷ್ಟು ಕಟಕರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಹತ್ತಿಗೆ ಔಷಧ ಹೊಡೆಯುವ ದಿನಗಳಲ್ಲಿ ರಾತ್ರಿ ಟ್ರ್ಯಾಕ್ಟರಿನ ಸಪ್ಪಳ ಕೇಳಿಸಿತೆಂದರೆ ವಸತಿಗೃಹದಲ್ಲಿದ್ದ ಹುಡುಗರಿಗೆ ಅರ್ಥವಾಗಿಬಿಡುತ್ತಿತ್ತು: ಯಾರೋ ಹೊಲದ ವಿಷ ಕುಡಿದಿದ್ದಾರೆ. ಅಂಥ ರಾತ್ರಿಗಳಲ್ಲಿ ಇಪ್ಪತ್ತಮೂರು ವರ್ಷದ ಎಳೆಯ ವೈದ್ಯರು ಬೆಳಗಿನ ತನಕ ಹಾಸಿಗೆಯ ಪಕ್ಕ ನಿಂತು, ಗಾಜಿನ ಶೀಷೆಗಳನ್ನು ಒಂದೊಂದಾಗಿ ಮುರಿದು ಅಟ್ರೋಪಿನ್ ಚುಚ್ಚುತ್ತ, ಟಾರ್ಚು ಬಿಟ್ಟು ಕಣ್ಣಿನ ಪಾಪೆ ನೋಡುತ್ತಿದ್ದುದನ್ನು ನಾವು ಬಲ್ಲೆವು. ಆ ಹುಡುಗರಲ್ಲಿ ಕರುಣೆಯಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವವರಲ್ಲ. ಹೇಳಬೇಕಾದ ಸಂಗತಿ ಬೇರೆಯೇ ಇದೆ.

ನಮ್ಮ ಪಾಠದ ಕಥೆ ಹೇಳಬೇಕು. ದಿಲ್ಲಿ, ಬಿಹಾರ, ಕೇರಳಗಳಿಂದ ಬಂದ ಹುಡುಗರಿಗೆ ನಾವು ಮೊದಲು ಕಲಿಸಿದ್ದು ಪುಸ್ತಕದ ಕನ್ನಡವನ್ನು. "ನಿಮಗೆ ಏನು ತೊಂದರೆ? ಎಷ್ಟು ದಿನಗಳಿಂದ ಇದೆ? ಹಸಿವೆ ಹೇಗಿದೆ?" ಅವರು ಚಂದವಾಗಿ ಬಾಯಿಪಾಠ ಮಾಡಿದರು. ವಾರ್ಡಿಗೆ ಹೋಗಿ ಕೇಳಿದರು. ರೋಗಿ ಉತ್ತರ ಕೊಟ್ಟ! "ಜೀವಕ್ಕ ಒಂಥರಾ ಆಗತೈತ್ರಿ, ದಮ್ಮ ಹತ್ತತೈತಿ, ಕೈಕಾಲ ಜೋಮ ಹಿಡೀತಾವ, ಬಯಲಕಡೆ ಹೋಗಿ ಬಂದ್ರ ಕಣ್ಣಿಗೆ ಕತ್ತಲಿ ಬರತೈತಿ" ಎಂದು ಆತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ವಿದ್ಯಾರ್ಥಿ ಕೇರಳದ ದಾರಿ ನೋಡುತ್ತ ನಿಂತಿದ್ದ. ಹೆಣ್ಣುಮಗಳೊಬ್ಬಳು "ಹೊರಗ ಕುಂತೇನ್ರಿ" ಎಂದದ್ದಕ್ಕೆ ಮತ್ತೊಬ್ಬ, "ಇಲ್ಲ, ಒಳಗೆ ಕುಳಿತಿದ್ದೀರಿ" ಎಂದು ವಿನಯದಿಂದ ತಿದ್ದಿದ್ದನ್ನು ಆಸ್ಪತ್ರೆಯ ಆಯಾಗಳು ಬಹಳ ದಿನ ಹೇಳಿಕೊಂಡು ನಕ್ಕರು. ಕನ್ನಡದಲ್ಲಿ ಕೇಳುವುದೆಂದರೆ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ನಾವು ಅವರಿಗೆ ಒಂದು ಕೇಳುವುದನ್ನು ಕಲಿಸಿ ಇನ್ನೊಂದು ಕೇಳುವುದನ್ನು ಬಿಟ್ಟಿದ್ದೆವು. ಮುಂದೆ ಪಾಠದ ಕ್ರಮವನ್ನೇ ತಿರುವುಹಾಕಿ, ಬೇವಿನ ಮರದ ಕೆಳಗಿನ ಮಂದಿಯ ಮಾತನ್ನೇ ಬರೆದುಕೊಂಡು ಬಂದು ಕಲಿಸತೊಡಗಿದೆವು. ಆ ಕಲಿಕೆಯಲ್ಲಿ ನಮ್ಮ ಕನ್ನಡವೂ ಸುಧಾರಿಸಿತೆಂಬುದನ್ನು ಒಪ್ಪಬೇಕು.

ಇನ್ನು ಮುಖ್ಯ ಪ್ರಸಂಗ. ಒಂದು ದಿನ ಬೆಳಿಗ್ಗೆ ವಿದ್ಯಾರ್ಥಿಗಳನ್ನು ತರಗತಿಗೆ ಕರೆತರಲು ವಾರ್ಡಿಗೆ ಹೋದೆವು. ಹೆಣ್ಣುಮಕ್ಕಳ ವಾರ್ಡಿನಲ್ಲಿ ಒಂದು ಹಾಸಿಗೆಯ ಸುತ್ತ ಇಪ್ಪತ್ತು ಜನ ಮುತ್ತಿದ್ದರು. ಮೂವತ್ತರ ಆಚೀಚಿನ ಹೆಣ್ಣುಮಗಳು, ಕೂಲಿಯವಳು. ಅವಳ ಹೃದಯದ ಒಂದು ಕವಾಟ ಕಿರಿದಾಗಿ, ಅಲ್ಲಿ ರಕ್ತ ಹಾಯುವಾಗ ಮಂದ್ರವಾದ ಒಂದು ಗುಡುಗುಡು ಧ್ವನಿ ಹುಟ್ಟುತ್ತಿತ್ತು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಸ್ಟೆತಸ್ಕೋಪನ್ನು ಹಗುರವಾಗಿ ಇಟ್ಟರೆ ಮಾತ್ರ ಕೇಳಿಸುವ ಧ್ವನಿ ಅದು. ಪರೀಕ್ಷೆಯಲ್ಲಿ ತಪ್ಪದೆ ಬರುವಂಥದು. ಆದ್ದರಿಂದ ಆಕೆ "ಒಳ್ಳೆಯ ಕೇಸು". ಒಬ್ಬರಾದ ಮೇಲೊಬ್ಬರು ಬಾಗಿ ಕೇಳಿದರು. ಚಳಿಗಾಲದ ಬೆಳಗು, ಎದೆಯ ಮೇಲೆ ಇಪ್ಪತ್ತು ಸಲ ತಣ್ಣನೆಯ ಲೋಹ. ಆಕೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಗೋಡೆಯ ಕಡೆ ಮುಖ ಮಾಡಿದ್ದಳು. ಪಾಠ ಮುಗಿದು ಎಲ್ಲರೂ ಮುಂದಿನ ಹಾಸಿಗೆಗೆ ಹೊರಟಾಗ ಆಕೆ ತಿರುಗಿ ಕೇಳಿದಳು: "ಇಷ್ಟ ಮಂದಿ ಕೇಳಿದ್ರೆಲ್ಲೋ ಯಪ್ಪಾ, ಏನ್ ಹೇಳತೈತಿ ಅದು?"

ಯಾರೂ ಉತ್ತರ ಕೊಡಲಿಲ್ಲ. ಅರ್ಧ ಜನಕ್ಕೆ ಪ್ರಶ್ನೆ ತಿಳಿದಿರಲಿಲ್ಲ. ತಿಳಿದವರಿಗೆ ಹೊತ್ತಾಗಿತ್ತು. ಅಧ್ಯಾಪಕರು ಒಳ್ಳೆಯವರೇ, ಅವರ ಗಮನ ಮುಂದಿನ ಕೇಸಿನ ಮೇಲಿತ್ತು. ನಾವು, ಆಕೆಯ ಭಾಷೆಯನ್ನೇ ಕಲಿಸಲು ಬಂದವರು, ಪ್ರಶ್ನೆಯ ಒಂದೊಂದು ಅಕ್ಷರವೂ ತಿಳಿದವರು, ನಮ್ಮ ತರಗತಿಗೆ ತಡವಾಯಿತೆಂದು ಗಡಿಯಾರ ನೋಡಿಕೊಂಡೆವು. ಮಧ್ಯಾಹ್ನ ಮನಸ್ಸು ತಾಳದೆ ಒಬ್ಬ ಎಳೆಯ ವೈದ್ಯನನ್ನು ಕರೆದುಕೊಂಡು ಹೋದಾಗ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಕೂಲಿ ತಪ್ಪುತ್ತದೆಂದು ಗಂಡ ಬಂದು ಕರೆದುಕೊಂಡು ಹೋಗಿದ್ದ.

ಆ ಎಳೆಯ ವೈದ್ಯನೇ ನಮಗೆ ರೋಗದ ಮೂಲವನ್ನು ತಿಳಿಸಿಕೊಟ್ಟ. ಚಿಕ್ಕಂದಿನಲ್ಲಿ ಮಗುವಿಗೆ ಗಂಟಲುನೋವು ಬರುತ್ತದೆ. ಅದು ಒಂದು ಬಗೆಯ ರೋಗಾಣುವಿನಿಂದ ಬಂದದ್ದಾಗಿ, ಆಗ ಪೆನಿಸಿಲಿನ್ ಕೊಡದೆ ಹೋದರೆ, ಕೆಲವು ಮಕ್ಕಳಿಗೆ ಕೀಲುವಾತದ ಜ್ವರ ಬರುತ್ತದೆ. ಕೀಲುಗಳ ಬಾವು ಇಳಿದರೂ ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಿದ್ದರೆ ಜ್ವರ ಮರುಕಳಿಸದಂತೆ ತಡೆಯಬಹುದು. ಬೆಲೆಬಾಳುವ ಔಷಧವಲ್ಲ. ಇಕ್ಕಟ್ಟಾದ ಮನೆಗಳಲ್ಲಿ, ವೈದ್ಯರಿಲ್ಲದ ಊರುಗಳಲ್ಲಿ ಈ ರೋಗ ಹೆಚ್ಚು. ಎಂದಮೇಲೆ ವಿದ್ಯಾರ್ಥಿಗಳು ಅಷ್ಟು ಆಸ್ಥೆಯಿಂದ ಕೇಳಿ ಕಲಿತ ಆ ಧ್ವನಿ ಯಾವುದು? ಇಪ್ಪತ್ತು ವರ್ಷಗಳ ಹಿಂದೆ ಯಾವುದೋ ಹಳ್ಳಿಯಲ್ಲಿ ಒಂದು ಹುಡುಗಿಯ ಗಂಟಲುನೋವಿಗೆ ಔಷಧ ಕೊಡುವವರು ಇರಲಿಲ್ಲ ಎಂಬುದೇ ಆ ಧ್ವನಿ. ವೈದ್ಯರ ಅಭಾವವೇ ಪಾಠವಾಗಿ, ಆ ಪಾಠದಿಂದ ವೈದ್ಯರು ತಯಾರಾಗಿ, ಅವರು ಬೇರೆಲ್ಲಿಗೋ ಹೋಗುತ್ತಿದ್ದರು.

ಇಲ್ಲಿ ಒಂದು ಆಕ್ಷೇಪವುಂಟು, ಅದು ಬಲವಾದದ್ದೇ. ಆಸ್ಪತ್ರೆ ಆಕೆಗೆ ಹಾಸಿಗೆಯನ್ನೂ ಔಷಧವನ್ನೂ ಪುಕ್ಕಟೆಯಾಗಿ ಕೊಟ್ಟಿತು, ಆಕೆ ಕಲಿಕೆಗೆ ದೇಹವನ್ನು ಕೊಟ್ಟಳು. ಕೊಟ್ಟು ತೆಗೆದುಕೊಂಡದ್ದು ಮುಗಿಯಿತು, ಋಣವೆಲ್ಲಿ ಉಳಿಯಿತು? ಬೋಧನಾಸ್ಪತ್ರೆಗಳು ಎಲ್ಲೆಡೆ ನಡೆಯುವುದೇ ಈ ಒಪ್ಪಂದದ ಮೇಲೆ. ರೋಗಿಯನ್ನು ಮುಟ್ಟದೆ ವೈದ್ಯನಾಗುವುದು ಸಾಧ್ಯವೂ ಇಲ್ಲ. ಸುಶ್ರುತನು ಶರೀರವನ್ನು ಕಣ್ಣಾರೆ ಕಂಡು ಕಲಿಯಬೇಕೆಂದು ಹೇಳಿ, ಶವವನ್ನು ಹುಲ್ಲಿನಲ್ಲಿ ಸುತ್ತಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಇಡುವ ವಿಧಾನವನ್ನೂ ವಿವರಿಸಿದ್ದಾನೆ. ಸರಿ. ಆದರೆ ಒಪ್ಪಂದವೆಂಬುದಕ್ಕೆ ಇಬ್ಬರಿಗೂ ಅದು ತಿಳಿದಿರಬೇಕು. ಆಕೆಗೆ ತಾನು ಏನನ್ನೋ ಕೊಡುತ್ತಿದ್ದೇನೆಂಬುದೇ ತಿಳಿದಿರಲಿಲ್ಲ. ತಾನು ಬೇಡಲು ಬಂದವಳೆಂದೇ ಆಕೆ ಭಾವಿಸಿದ್ದಳು, ಇಪ್ಪತ್ತು ಜನರೂ ಹಾಗೆಯೇ ಭಾವಿಸಿದ್ದರು. ಕೊಟ್ಟವಳು ಬೇಡುವವಳಂತೆ, ಪಡೆದವರು ದಾನಿಗಳಂತೆ ಕಂಡರೆ ಲೆಕ್ಕದಲ್ಲಿ ಎಲ್ಲಿಯೋ ತಪ್ಪಿದೆ.

ಮನುಷ್ಯನನ್ನು ಕೇವಲ ಸಾಧನವನ್ನಾಗಿ ಬಳಸಬಾರದೆಂಬ ಕಾಂಟನ ವಿಚಾರವನ್ನು ನಾವು ಧಾರವಾಡದಲ್ಲಿ ಪರೀಕ್ಷೆಗಾಗಿ ಚೆನ್ನಾಗಿಯೇ ಬರೆದಿದ್ದೆವು. 'ಕೇವಲ' ಎಂಬ ಆ ಒಂದು ಪದದ ಮೇಲೆ ಎಷ್ಟು ಭಾರವಿದೆಯೆಂಬುದು ತಿಳಿದದ್ದು ಮಾತ್ರ ಆ ವಾರ್ಡಿನಲ್ಲಿ. ಬೋಧನಾಸ್ಪತ್ರೆಯಲ್ಲಿ ರೋಗಿಯು ಸಾಧನವಾಗುವುದು ಅನಿವಾರ್ಯ, ಅದರಲ್ಲಿ ದೋಷವಿಲ್ಲ. ಆಕೆಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದರೆ ಆಕೆ ಸಾಧನವಾಗಿಯೂ 'ಕೇವಲ' ಸಾಧನವಾಗುತ್ತಿರಲಿಲ್ಲ. ಎರಡು ನಿಮಿಷದ ಮಾತು. ಆ ಎರಡು ನಿಮಿಷವೇ ಋಣದ ಮೊದಲ ಕಂತು, ಮತ್ತು ಅದನ್ನು ತೀರಿಸಲು ಹಳ್ಳಿಗೆ ಹೋಗಬೇಕಾಗಿಯೂ ಇರಲಿಲ್ಲ.

ಮುಂದೆ 2009ರಲ್ಲಿ ನಮಗೆ ಮೊಣಕಾಲಿನ ಬೇನೆ ಬಂದು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದಾಗ ನಾಲ್ವರು ತಜ್ಞರು ಸುತ್ತ ನಿಂತು, ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, ಕಾಗದದ ಮೇಲೆ ಮೂಳೆಯ ಚಿತ್ರ ಬರೆದು ಅರ್ಧ ತಾಸು ವಿವರಿಸಿದರು. ನಾವು ಏನನ್ನೂ ಕೇಳಿರಲಿಲ್ಲ. ಕಾವಿಗೆ ಸಂದ ಗೌರವವನ್ನು ಕಂಡು ಅಂದು ನಮಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ರಾತ್ರಿ ಮಲಗಿದಾಗ ಸೆರಗು ಕಚ್ಚಿ ಮಲಗಿದ್ದ ಆ ಹೆಣ್ಣುಮಗಳು ನೆನಪಾದಳು.

ಜೀವಂತರ ಮಾತು ಇರಲಿ. ಅಂಗರಚನಾಶಾಸ್ತ್ರದ ಕೋಣೆಯಲ್ಲಿ ಮಲಗಿದ್ದವರು ಯಾರು? ನಮ್ಮ ರಾಜ್ಯದಲ್ಲಿ 1957ರ ಅಧಿನಿಯಮವೊಂದರ ಪ್ರಕಾರ ಆಸ್ಪತ್ರೆಗಳಲ್ಲಿ ತೀರಿಕೊಂಡು ವಾರಸುದಾರರು ಬಾರದ ದೇಹಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸುವ ಏರ್ಪಾಡಿದೆ. ವಾರಸುದಾರರು ಬಾರದ ದೇಹವೆಂದರೆ ಭಿಕ್ಷುಕನದು, ಊರು ಬಿಟ್ಟು ಬಂದ ಕೂಲಿಯವನದು, ಮನೆಯಿಂದ ಹೊರಬಿದ್ದ ಮುದುಕಿಯದು. ವೈದ್ಯನಾಗಲಿರುವವನ ಮೊದಲ ಗುರು ಇವರೇ. ಆದುದರಿಂದಲೇ ಬೈಲಹೊಂಗಲದ ರಾಮಣ್ಣವರ ಮನೆತನದ ಕೃತಿಯನ್ನು ನಾವು ದೊಡ್ಡದೆಂದು ಎಣಿಸುತ್ತೇವೆ. ವೈದ್ಯರಾಗಿದ್ದ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದೇಹವನ್ನು ಕಲಿಕೆಗಾಗಿ ಉಳಿಸಲಾಯಿತು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಅವರೇ ತಂದೆಯ ದೇಹವನ್ನು ಛೇದಿಸಿ ವಿದ್ಯಾರ್ಥಿಗಳಿಗೆ ಬೋಧಿಸಿದರು. ಸಮಾಧಿ ಸಂಸ್ಕಾರವನ್ನು ಪವಿತ್ರವೆಂದು ನಂಬಿದ ಸಮಾಜದಲ್ಲಿ ಇದು ಸುಲಭದ ನಿರ್ಧಾರವಲ್ಲ. ಆಗ ಮುಖ ಸಿಂಡರಿಸಿದವರೂ ಇದ್ದರು. ಬಡವರಿಂದ ಕೇಳದೆ ಪಡೆಯುತ್ತಿದ್ದುದನ್ನು ವೈದ್ಯರೊಬ್ಬರು ತಾವಾಗಿಯೇ ಕೊಟ್ಟರು. ಅದನ್ನು ದಾನವೆನ್ನುವುದಕ್ಕಿಂತ ಹಳೆಯ ಸಾಲವನ್ನು ಅದೇ ನಾಣ್ಯದಲ್ಲಿ ತೀರಿಸಿದ್ದು ಎನ್ನಬೇಕು.

ಈಗ ಆ ತರುಣನ ಬ್ಯಾಂಕಿನ ಸಾಲಕ್ಕೆ ಬರಬೇಕು. ಹಣ ಕೊಟ್ಟು ಕಲಿತವನಿಗೆ ಋಣವಿಲ್ಲ ಎಂಬುದು ಆತನ ವಾದ. ಹಣವು ಕಟ್ಟಡಕ್ಕೆ, ಉಪಕರಣಕ್ಕೆ, ಅಧ್ಯಾಪಕರ ಸಂಬಳಕ್ಕೆ ಸಂದಿತು. ಎದೆಯ ಧ್ವನಿಯ ಮಾಲೀಕಳಿಗೆ ಅದರಲ್ಲಿ ಬಿಡಿಗಾಸೂ ಸಲ್ಲಲಿಲ್ಲ. ಒಬ್ಬನಿಗೆ ಕೊಟ್ಟ ಹಣದಿಂದ ಇನ್ನೊಬ್ಬನ ಸಾಲ ತೀರುವುದಿಲ್ಲವೆಂಬುದು ಅಂಗಡಿಯ ಗುಮಾಸ್ತನಿಗೂ ಗೊತ್ತು. ಇದು ತರ್ಕದ ಮಟ್ಟಿಗೆ ಸರಿಯಾದ ಉತ್ತರ. ಆದರೆ ಈ ಉತ್ತರವನ್ನು ಹೇಳುವ ಅಧಿಕಾರ ಯಾರಿಗಿದೆ? 1984ರಲ್ಲಿ ನಮ್ಮ ರಾಜ್ಯವು ವಂತಿಗೆಯನ್ನು ನಿಷೇಧಿಸುವ ಕಾಯಿದೆ ಮಾಡಿತು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ವಂತಿಗೆ ಪಡೆಯುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ವೈದ್ಯಕೀಯ ವಿದ್ಯೆ ತುಟ್ಟಿಯಾಗುವುದು ನಿಲ್ಲಲಿಲ್ಲ. ಕಾಲೇಜುಗಳನ್ನು ನಡೆಸುವವರಲ್ಲಿ ಮಠಗಳೂ ಇವೆ, ನಮ್ಮ ಸಮಾಜದ ಸಂಸ್ಥೆಗಳೂ ಇವೆ. ಬಡವರ ಮಕ್ಕಳಿಗೆ ಅವು ತೆರೆದ ಬಾಗಿಲುಗಳೆಷ್ಟು ಎಂಬುದನ್ನು ಬಲ್ಲ ನಾವು ಅವುಗಳನ್ನು ಹಗುರವಾಗಿ ಕಾಣುವವರಲ್ಲ. ಆದರೂ ದೊಡ್ಡ ಶುಲ್ಕ ಪಡೆದ ಕೈಯಿಂದಲೇ ಆಶೀರ್ವದಿಸಿ "ಬಡವರ ಸೇವೆ ಮಾಡು" ಎನ್ನುವಾಗ ನಾಲಿಗೆ ಒಂದಿಷ್ಟಾದರೂ ತಡವರಿಸಬೇಕು. ನಾವಿದ್ದ ಕಾಲೇಜಿನಲ್ಲಿಯೇ ಪರಿಷತ್ತಿನವರು ತಪಾಸಣೆಗೆ ಬರುವ ದಿನ ಖಾಲಿ ಹಾಸಿಗೆ ತುಂಬಲು ಸುತ್ತಲಿನ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಮಂದಿಯನ್ನು ಕರೆತಂದು ಮಲಗಿಸಿದ್ದನ್ನು ನೋಡಿದ್ದೇವೆ. ಊಟ ಹಾಕಿ ಒಂದಿಷ್ಟು ರೂಪಾಯಿ ಕೊಟ್ಟರು. ರೋಗವಿಲ್ಲದವರೂ ವಿದ್ಯೆಗೆ ಮೈ ಕಡ ಕೊಟ್ಟಂತಾಯಿತು.

ಸರಕಾರ ಈ ಋಣವನ್ನು ಕಾಯಿದೆಯಿಂದ ವಸೂಲು ಮಾಡಲು ನೋಡಿತು. ಓದು ಮುಗಿಸಿದವರು ಒಂದು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂದು 2012ರಲ್ಲಿ ಕಾಯಿದೆ ಮಾಡಿ, 2023ರಲ್ಲಿ ಅದನ್ನು ಸಡಿಲಿಸಿತು. ಮನಸ್ಸಿಲ್ಲದೆ ಹೋದವನು ದಿನ ಎಣಿಸುತ್ತಾನೆ ಎಂಬುದು ನಿಜ. ಹಾಗೆಂದು ಒಂದು ವರ್ಷದ ಮಟ್ಟಿಗಾದರೂ ಊರಿನಲ್ಲಿ ಗಂಟಲುನೋವಿಗೆ ಪೆನಿಸಿಲಿನ್ ಬರೆಯುವ ಒಬ್ಬರು ಇರುವುದು ಕಡಿಮೆಯದೇನೂ ಅಲ್ಲ.

ಬೇರೆ ದಾರಿಯೊಂದನ್ನು ನಾವು 2005ರಲ್ಲಿ ಸೇವಾಗ್ರಾಮದಲ್ಲಿ ಕಂಡೆವು. ವರ್ಧಾದ ಬಳಿಯ ಆ ಹಳ್ಳಿಯಲ್ಲಿ ಗಾಂಧೀಜಿಯವರು 1936ರಲ್ಲಿ ನೆಲೆಸಿದ್ದು ಸರ್ವವಿದಿತ. ಅವರ ವೈದ್ಯರಾಗಿದ್ದ, ಮುಂದೆ ಕೇಂದ್ರದಲ್ಲಿ ಆರೋಗ್ಯ ಸಚಿವರೂ ಆಗಿದ್ದ ಡಾ. ಸುಶೀಲಾ ನಯ್ಯರ್ ಅವರು ಗಾಂಧಿ ಶತಮಾನೋತ್ಸವದ 1969ರಲ್ಲಿ ಅಲ್ಲಿನ ಕಸ್ತೂರ್ಬಾ ಆಸ್ಪತ್ರೆಯ ಆಸರೆಯಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ವೈದ್ಯನು ರೋಗಿಗೆ ಮಾತ್ರವಲ್ಲದೆ ಸಮಾಜಕ್ಕೂ ವೈದ್ಯನಾಗಬೇಕೆಂದು ಭೋರ್ ಸಮಿತಿಯು 1946ರಲ್ಲಿಯೇ ವರದಿಯಲ್ಲಿ ಹೇಳಿತ್ತಷ್ಟೆ; ಅದನ್ನು ಹಳ್ಳಿಯಲ್ಲಿ ಕುಳಿತು ಮಾಡಿ ನೋಡುವ ಪ್ರಯತ್ನ ಇದು. ಹೊಸ ವಿದ್ಯಾರ್ಥಿಗಳು ಮೊದಲ ಹದಿನೈದು ದಿನ ಆಶ್ರಮದಲ್ಲಿದ್ದು ಕಸಗುಡಿಸಿ, ನೂತು, ಪ್ರಾರ್ಥನೆಯಲ್ಲಿ ಕುಳಿತು ಆಮೇಲೆ ಪುಸ್ತಕ ಹಿಡಿಯುತ್ತಾರೆ, ಖಾದಿ ತೊಡುತ್ತಾರೆ. ಒಂದೊಂದು ತಂಡಕ್ಕೆ ಒಂದೊಂದು ಹಳ್ಳಿ, ಒಬ್ಬೊಬ್ಬರಿಗೆ ಕೆಲವು ಮನೆ. ಇದೆಲ್ಲ ಒಳ್ಳೆಯದೇ. ಖಾದಿ ತೊಟ್ಟ ಮಾತ್ರಕ್ಕೆ ಯಾರೂ ಹಳ್ಳಿಯಲ್ಲಿ ನಿಲ್ಲುವುದಿಲ್ಲವೆಂಬುದೂ ನಿಜವೇ.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅಲ್ಲಿನ ಜೋಳ. ಡಾ. ಉಲ್ಹಾಸ ಜಾಜೂ ಮತ್ತು ಅವರ ಸಂಗಡಿಗರು 1980ರ ಹೊತ್ತಿಗೆ ಸುತ್ತಣ ಹಳ್ಳಿಗಳಲ್ಲಿ ಒಂದು ಏರ್ಪಾಡು ಮಾಡಿದ್ದರು. ಸುಗ್ಗಿಯಲ್ಲಿ ಪ್ರತಿ ಮನೆಯೂ ಆರೋಗ್ಯ ನಿಧಿಗೆ ಜೋಳ ಅಳೆಯಬೇಕು. ಹೊಲವಿದ್ದವನು ಹೊಲಕ್ಕೆ ತಕ್ಕಷ್ಟು ಹೆಚ್ಚು, ಹೊಲವಿಲ್ಲದವನು ತನ್ನ ಪಾಲಿನ ಕಡಿಮೆ. ಊರಿನ ಬಹುಪಾಲು ಮನೆಗಳು ಸೇರಿದರೆ ಮಾತ್ರ ಆ ಊರಿಗೆ ಸೌಲಭ್ಯ. ಆಸ್ಪತ್ರೆಗೆ ಬಂದಾಗ ಅಳೆದ ಜೋಳದ ಲೆಕ್ಕವಿಲ್ಲ, ರೋಗದ ಲೆಕ್ಕವೊಂದೇ. ಬಡವನಿಂದಲೂ ಜೋಳ ಪಡೆಯುವುದು ಕ್ರೌರ್ಯವಲ್ಲವೆ ಎಂದು ಮೊದಲು ನಮಗೂ ಅನಿಸಿತು. ಅಲ್ಲಿಯ ಹಳ್ಳಿಗನೊಬ್ಬ ಆಸ್ಪತ್ರೆಯ ಪಡಸಾಲೆಯಲ್ಲಿ ವೈದ್ಯನನ್ನು ತಡೆದು ನಿಲ್ಲಿಸಿ, ತನ್ನ ಹೆಂಡತಿಗೆ ಏನಾಗಿದೆ, ಗುಳಿಗೆ ಏತಕ್ಕೆ, ಎಷ್ಟು ದಿನಕ್ಕೆ ಎಂದು ಮರಾಠಿಯಲ್ಲಿ ಒಂದೊಂದಾಗಿ ಕೇಳುತ್ತಿದ್ದುದನ್ನು ಕಂಡ ಮೇಲೆ ಆ ಅನಿಸಿಕೆ ಬದಲಾಯಿತು. ಆತನ ಧ್ವನಿಯಲ್ಲಿ ಬೇಡಿಕೆಯಿರಲಿಲ್ಲ. ಜೋಳ ಅಳೆದವನು ಪ್ರಶ್ನೆ ಕೇಳುತ್ತಾನೆ, ಮತ್ತು ಉತ್ತರ ಬರುವ ತನಕ ದಾರಿ ಬಿಡುವುದಿಲ್ಲ.

ಜೋಳದ ಮಾತು ಬಂದಾಗ ನಮ್ಮ ಪ್ರಸಾದ ನಿಲಯವನ್ನು ನೆನೆಯದಿರುವುದು ಹೇಗೆ? ಸುಗ್ಗಿ ಮುಗಿದ ಮೇಲೆ ಸುತ್ತಣ ಹಳ್ಳಿಗಳಿಂದ ಬಂಡಿಗಟ್ಟಲೆ ಜೋಳ ಬಂದು ಮಠದ ಅಂಗಳದಲ್ಲಿ ರಾಶಿಯಾಗುತ್ತಿದ್ದುದನ್ನು ಈ ಪತ್ರಿಕೆಯ ಹಿರಿಯ ವಾಚಕರು ಬಲ್ಲರು. ಎತ್ತು ಕಟ್ಟುವ ಶಕ್ತಿಯಿಲ್ಲದವರು ತಲೆಯ ಮೇಲೆ ಒಂದು ಸೇರು ಹೊತ್ತು ತಂದದ್ದೂ ಉಂಟು. ಅದನ್ನು ಉಂಡು ಓದಿದ ಎಷ್ಟೋ ಜನ ಇಂದು ವೈದ್ಯರಾಗಿದ್ದಾರೆ. ಈ ಸಂಚಿಕೆಯೂ ಅವರ ಮೇಜಿಗೆ ಹೋಗುತ್ತದೆ. ದಾಸೋಹದಲ್ಲಿ ಕೊಟ್ಟವನಿಗೆ ಕೊಟ್ಟೆನೆಂಬ ಭಾವವಿರಬಾರದೆಂಬುದು ನಮ್ಮ ಹಿರಿಯರ ನಡೆ. ಕೊಟ್ಟವನು ಮರೆಯಬೇಕೆಂದರೆ ಉಂಡವನೂ ಮರೆಯಬೇಕೆಂದಲ್ಲ.

ಅಂದು ಹಾಸಿಗೆಯ ಸುತ್ತ ನಿಂತ ಇಪ್ಪತ್ತು ಜನರಲ್ಲಿ ಒಬ್ಬ ನಮ್ಮ ನಿಲಯದ ಹಳೆಯ ವಿದ್ಯಾರ್ಥಿಯೇ ಆಗಿದ್ದ. ಈಗ ತಾಲ್ಲೂಕಿನ ಊರೊಂದರಲ್ಲಿ ಸ್ವಂತ ದವಾಖಾನೆ ಇಟ್ಟಿದ್ದಾನೆ. ದುರಾಸೆಯವನಲ್ಲ, ಕೈಗುಣವುಳ್ಳವನೆಂದು ಹೆಸರಿದೆ. ಈಚೆಗೆ ಮಠಕ್ಕೆ ಬಂದಾ ಆ ಪ್ರಸಂಗವನ್ನು ನೆನಪಿಸಿದೆವು. ಆತ ಬಹಳ ಹೊತ್ತು ಯೋಚಿಸಿದ. "ಆ ಸಪ್ಪಳ ನೆನಪೈತ್ರಿ ಅಜ್ಜಾರ, ಇವತ್ತಿಗೂ ಕಿವ್ಯಾಗೈತಿ. ಅದರ ಮ್ಯಾಲೆ ಎಷ್ಟೋ ಮಂದಿ ಎದಿ ರೋಗ ಹಿಡದೇನಿ. ಆಕೀ ಮುಖ ಮಾತ್ರ ನೆನಪಿಲ್ರಿ" ಎಂದ. ಆಮೇಲೆ, "ಆಕಿ ಏನರ ಕೇಳಿದ್ಲೇನ್ರಿ?" ಎಂದು ನಮ್ಮನ್ನೇ ಕೇಳಿದ.

ಪ್ರಶ್ನೆ ಹಾಕಿದ ತರುಣ ಮೊನ್ನೆ ಶಿವರಾತ್ರಿಗೆ ತಂದೆಯೊಡನೆ ಬಂದಿದ್ದ. ನಾವು ಈ ವಿಚಾರಗಳನ್ನೆಲ್ಲ ಹೇಳಿದೆವು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, ಬ್ಯಾಂಕಿನ ಕಂತಿನ ಮಾತನ್ನು ಮತ್ತೆ ತೆಗೆದ. ಅದೂ ಸುಳ್ಳಲ್ಲ. ಓದು ಹೇಗೆ ನಡೆದಿದೆಯೆಂದು ವಿಚಾರಿಸಿದಾಗ, ಛೇದನ ಪ್ರಾರಂಭಿಸುವ ಮುನ್ನ ದೇಹದ ಮುಂದೆ ನಿಂತು ಎಲ್ಲರೂ ಪ್ರತಿಜ್ಞೆ ಮಾಡಿದೆವೆಂದು ಹೇಳಿದ. ಈಗಿನ ಹೊಸ ಪಠ್ಯಕ್ರಮದಲ್ಲಿ ಹೀಗೊಂದು ಪದ್ಧತಿ ಬಂದಿದೆ. ಅದು ಯಾರ ದೇಹವೆಂದು ಕೇಳಿದೆವು. ಹೆಸರು ತಿಳಿಯದು, ಕಾಲಿಗೆ ಒಂದು ಸಂಖ್ಯೆ ಕಟ್ಟಿದ್ದಾರೆ, ವಯಸ್ಸಾದ ಹೆಂಗಸು ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲುಂಗುರ ಹಾಕ್ಕೊಂಡಿದ್ದ ಬೆರಳು ಸವದಾವ್ರಿ, ಗುರುತ ಕಾಣಸ್ತಾವ. ಉಳದವರು ಯಾರೂ ನೋಡಿಲ್ರಿ, ನಾ ನೋಡೀನಿ" ಎಂದ.